ಬ್ರೇಕ್ ಡಿಸ್ಕಿನ ಎಣ್ಣೆಶಾಸ್ತ್ರ

ಹೊನ್ನಾವರದಿಂದ ಶರಾವತಿ ದಾಟಿದರೆ ಕಾಸರಕೋಡು. ಅಲ್ಲಿ ಕಡಲಿಗೆ ಬೆನ್ನು ಹಾಕಿ ನಿಂತ ಮನೆಗಳಲ್ಲಿ ಭಾಸ್ಕರ ಹರಿಕಂತ್ರನದೂ ಒಂದು. ಆ ಮನೆಯಲ್ಲಿ ಕಿರುಗುಟ್ಟುವ ವಸ್ತು ಒಂದೂ ಇರಲಿಲ್ಲ. ಹೆಂಡತಿ ಮಂಗಲಾ ಒಬ್ಬಳನ್ನು ಬಿಟ್ಟರೆ ಎಂದು ಅವನೇ ಹೇಳುತ್ತಿದ್ದ, ಅವಳಿಗೆ ಕೇಳಿಸದಷ್ಟು ದೂರದಲ್ಲಿ ನಿಂತು. ಗೇಟಿನ ಕೊಂಡಿ, ಬಾವಿಯ ರಾಟೆ, ಈಳಿಗೆ, ಕೊಡೆಯ ಕಡ್ಡಿ, ಟ್ರಂಕಿನ ಬೀಗ, ಹೀಗೆ ಕಬ್ಬಿಣ ಎಂಬುದು ಎಲ್ಲೇ ಅಡಗಿ ಕೂತಿರಲಿ, ಭಾನುವಾರ ಬೆಳಿಗ್ಗೆ ಭಾಸ್ಕರ ಅದನ್ನು ಹುಡುಕಿ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದ. ಹಚ್ಚುವುದಕ್ಕೆ ಒಂದು ಕೋಳಿಪುಕ್ಕ. ಅಜ್ಜ ದೋಣಿಯ ಲಂಗರಿಗೆ ಹಾಗೇ ಮಾಡುತ್ತಿದ್ದ, ಅಪ್ಪ ದೋಣಿಯ ಮಷಿನ್ನಿಗೆ ಹಾಗೇ ಮಾಡುತ್ತಿದ್ದ. ಭಾಸ್ಕರ ದೋಣಿ ಬಿಟ್ಟು ಐಸ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದರೂ ಪುಕ್ಕವನ್ನು ಮಾತ್ರ ಬಿಟ್ಟಿರಲಿಲ್ಲ.

"ಉಪ್ಪುಗಾಳಿ ಎದುರಿಗೆ ಕಬ್ಬಿಣ ಇಟ್ಟು ಸುಮ್ನಿರೂದು ಅಂದ್ರೆ ಬೆಕ್ಕಿನ ಹತ್ರ ಬಂಗಡೆ ಕಾಯ್ಲಿಕ್ಕೆ ಹೇಳ್ದಾಂಗೆ" ಎಂಬುದು ಅವನ ತತ್ವ. ತತ್ವದಲ್ಲಿ ತಪ್ಪೇನೂ ಇಲ್ಲ. ತತ್ವಗಳಲ್ಲಿ ಸಾಮಾನ್ಯವಾಗಿ ತಪ್ಪಿರುವುದಿಲ್ಲ, ಅವುಗಳನ್ನು ಹಚ್ಚುವ ಜಾಗದಲ್ಲಿ ಇರುತ್ತದೆ.

ಅವನಿಗೊಂದು ಕಾರಿತ್ತು. ಇಬ್ಬರ ಕೈ ದಾಟಿ ಮೂರನೆಯವನಾದ ಇವನ ಕೈಗೆ ಬಂದದ್ದು. ಬಣ್ಣ ಕೆಂಪು; ಬಣ್ಣ ಎಲ್ಲಿ ಮುಗಿದು ತುಕ್ಕು ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಅದನ್ನು ಮಾರಿದವನಿಗೂ ಸಾಧ್ಯವಿರಲಿಲ್ಲ. ಈ ಕಾರೇ ತಂಗಿ ಗಂಗೆಯ ಸಿಟ್ಟಿಗೆ ಕಾರಣ. ಗಂಗೆಯನ್ನು ಕೊಟ್ಟದ್ದು ಕುಮಟೆಯ ಈಚೆಗಿನ ಒಂದು ಕಡಲದಂಡೆಯ ಕೇರಿಗೆ. ಭಾಸ್ಕರ ಕಾರು ಬಂದ ಹೊಸದರಲ್ಲಿ ಅವಳ ಕೇರಿಯ ತಿರುವಿನ ಮುಂದಿನಿಂದ ಎಷ್ಟೋ ಸಲ ಕುಮಟಾ ಪೇಟೆಗೆ ಹೋಗಿ ಬಂದಿದ್ದ, ಒಂದು ಸಲವೂ ಒಳಗೆ ತಿರುಗಿಸಿರಲಿಲ್ಲ. ಸೊಕ್ಕೇನಲ್ಲ, ತಿರುವಿನಿಂದ ಕೇರಿಗೆ ಹೋಗುವ ಇಳಿಜಾರು ಕಂಡರೆ ಅವನಿಗೆ ಹೆದರಿಕೆ. ಆದರೆ ಹೆದರಿಕೆ ಎಂದು ಹೇಳಿಕೊಳ್ಳುವುದಕ್ಕೂ ನಾಚಿಕೆ. ಹಾಗಾಗಿ ಕೇರಿಯವರೆಲ್ಲ ಅದನ್ನು ಸೊಕ್ಕು ಎಂದೇ ತೀರ್ಮಾನಿಸಿದರು. "ಅಣ್ಣ ಕಾರಿನವ ಆದ, ಇನ್ನು ತಂಗಿ ಮನೆ ಕಾಣ್ತದಾ?" ಎಂದು ಗಂಗೆಗೆ ಮೊದಲು ಹೇಳಿದವಳು ಮೇಲಿನ ಮನೆಯ ಪರಮೇಶ್ವರಿ. ಗಂಗೆಗೂ ಅವಳಿಗೂ ಒಣಮೀನು ಹರಡುವ ಮರಳಿನ ಗಡಿಯ ವಿಷಯದಲ್ಲಿ ಹಳೆಯ ವ್ಯಾಜ್ಯವಿತ್ತು.

ಈಗ ಭಾಸ್ಕರನ ಮಗಳು ಅಂಕಿತಾಳ ಮದುವೆ ಗೊತ್ತಾಗಿತ್ತು. ಅವರ ಮನೆತನದ ಕ್ರಮದಲ್ಲಿ ಮದುವೆಯ ಹೇಳಿಕೆ, ಅಂದರೆ ಕರೆ, ದೇವರಿಗೆ ಆದಮೇಲೆ ಮೊದಲು ಹೋಗುವುದು ಹೆಣ್ಣಿನ ಸೋದರತ್ತೆಗೆ. ಗಂಡ ಹೆಂಡತಿ ಜೋಡಿಯಾಗಿ ಹೋಗಿ, ಕಾಲು ತೊಳೆದು ಒಳಗೆ ನಡೆದು, ಎಲೆ ಅಡಿಕೆ ಇಟ್ಟು ಹೇಳಬೇಕು. ಅಲ್ಲಿಯ ತನಕ ಬೇರೆ ಯಾರ ಅಂಗಳಕ್ಕೂ ಕಾಲಿಡುವಂತಿಲ್ಲ. ಮದುವೆಯ ದಿನ ಚಪ್ಪರದಲ್ಲಿ ಮೊದಲ ಆರತಿಯೂ ಸೋದರತ್ತೆಯದೇ. ಸೋದರತ್ತೆ ಮುನಿಸಿಕೊಂಡರೆ ಮದುವೆ ನಿಲ್ಲುವುದಿಲ್ಲ ನಿಜ, ಆದರೆ ಜನ ಊಟ ಮಾಡುವಾಗ ಅದೊಂದೇ ಮಾತಾಡುತ್ತಾರೆ.

ಭಾಸ್ಕರ ಫೋನ್ ಮಾಡಿದಾಗ ಗಂಗೆ ಹೇಳಿದ್ದು ಇಷ್ಟೇ: "ನಿನ್ನ ಕಾರು ನಮ್ಮನೆ ಬಾಗಿಲಲ್ಲಿ ನಿಲ್ಬೇಕು. ಕೇರಿ ಕಣ್ಣಾರೆ ನೋಡ್ಬೇಕು. ನಿಂತ್ರೆ ನಾ ಮದುವೆಗೂ ಬತ್ತೆ, ಆರತಿನೂ ಮಾಡ್ತೆ. ನಿಲ್ಲದೇ ಇದ್ರೆ ನಂಗೆ ಅಣ್ಣ ಇಲ್ಲ ಹೇಳಿ ತಿಳ್ಕಂತೆ."

"ಆತು ಆತು, ನಿಲ್ತದೆ. ನಿಲ್ಲದೆ ಎಂತ?" ಎಂದ ಭಾಸ್ಕರ, ಕಾರಿನ ಪರವಾಗಿ.

ಮಾತು ಕೊಟ್ಟದ್ದಕ್ಕೆ ತಕ್ಕಂತೆ ಅವನು ಮೆಕ್ಯಾನಿಕ್ ಸಂತೋಷನ ಗ್ಯಾರೇಜಿಗೆ ಹೋದ. ಕಾರಿನ ಬ್ರೇಕು ಆಗ ಹೇಗಿತ್ತೆಂದರೆ, ಒತ್ತಿದರೆ ಕಾರು ನಿಲ್ಲುವುದಕ್ಕೆ ಮುಂಚೆ ಬೀದಿಯ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು. ಸಂತೋಷ ಮುಂದಿನ ಚಕ್ರ ಬಿಚ್ಚಿ, ಒಳಗಿನ ಕಬ್ಬಿಣದ ಡಿಸ್ಕನ್ನು ಬೆರಳಲ್ಲಿ ಸವರಿ, "ಇದು ಡಿಸ್ಕಾ ಹಪ್ಪಳವಾ ಭಾಸ್ಕರಣ್ಣ? ಸವೆದು ಬರೀ ಅಂಚು ಉಳ್ದದೆ" ಎಂದ. ಎರಡೂ ಬದಿಗೆ ಹೊಸ ಡಿಸ್ಕು, ಹೊಸ ಪ್ಯಾಡು ಹಾಕಿದ. "ಹೊಸತಲ್ವಾ, ಸುರುಸುರುವಿಗೆ ಬ್ರೇಕು ಸ್ವಲ್ಪ ಮೆತ್ತಗೆ ಅನ್ನಿಸ್ತದೆ. ಪಳಗ್ಬೇಕು. ಮತ್ತೆ ಎಂತದೂ ಮಾಡ್ಬೇಡಿ. ಹ್ಯಾಂಡ್ ಬ್ರೇಕಿನ ವಾಯರು ತುಂಡಾಗಿ ಅದೆ, ಅದೂ ಹಾಕ್ತೆ."

"ಅದೆಂತಕೆ ಮಾರಾಯ? ನಮ್ಮ ಮನೆ ಅಂಗಳ ಸಪಾಟಾಗೇ ಅದೆ" ಎಂದು ಭಾಸ್ಕರ ಹೊರಟ.

ಭಾನುವಾರ ಬೆಳಿಗ್ಗೆ ಹೊರಡುವ ಮುಂಚೆ ಅವನು ಚಕ್ರದ ಕಿಂಡಿಯಿಂದ ಒಳಗೆ ಇಣುಕಿದ. ನಿನ್ನೆ ಬೆಳ್ಳಿ ತಟ್ಟೆಯಂತೆ ಹೊಳೆಯುತ್ತಿದ್ದ ಡಿಸ್ಕಿನ ಮೇಲೆ ತೆಳ್ಳಗೆ ಕೆಂಪು ಹತ್ತಿತ್ತು. ಒಂದೇ ರಾತ್ರಿಯಲ್ಲಿ! ಸಂತೋಷನಿಗೆ ಫೋನ್ ಮಾಡಬಹುದಿತ್ತು. ಆದರೆ ಮೂರು ತಲೆಮಾರು ಉಪ್ಪುಗಾಳಿಯಲ್ಲಿ ಕಬ್ಬಿಣ ಸಾಕಿದ ವಂಶದವನು ತುಕ್ಕಿನ ವಿಷಯ ಬೇರೆಯವರನ್ನು ಕೇಳುವುದೆಂದರೇನು? ಅವನು ಅಡುಗೆಮನೆಯಿಂದ ಎಣ್ಣೆ ಬಾಟಲಿ ತಂದ. ಕೋಳಿಪುಕ್ಕ ತಂದ. ಚಕ್ರದ ಕಿಂಡಿಯಲ್ಲಿ ಪುಕ್ಕ ತೂರಿಸಿ, ಕಾರನ್ನು ಅಷ್ಟಷ್ಟೇ ಮುಂದೆ ನೂಕಿ, ಡಿಸ್ಕಿನ ಒಳಮೈ ಹೊರಮೈ ಎರಡಕ್ಕೂ ಸಾವಕಾಶವಾಗಿ ಎಣ್ಣೆ ಸವರಿದ. ಆ ಕೆಲಸದಲ್ಲಿದ್ದ ಭಕ್ತಿ ನೋಡಿದ್ದರೆ ಯಾರಿಗೂ ಕೈ ಮುಗಿಯಬೇಕು ಅನ್ನಿಸುತ್ತಿತ್ತು.

"ಅದೆಂತ ಮಾಡ್ತಾ ಇದ್ರಿ?" ಎಂದು ಮಂಗಲಾ ಸೀರೆಯ ನೆರಿಗೆ ಸರಿಮಾಡುತ್ತ ಕೇಳಿದಳು.

"ಹೊಸ ಮದುಮಗಳಿಗೆ ಎಣ್ಣೆಶಾಸ್ತ್ರ" ಎಂದ ಭಾಸ್ಕರ.

ಮದುಮಗಳು ತನ್ನ ಗುಣ ತೋರಿಸಿದ್ದು ಶರಾವತಿ ಸೇತುವೆ ದಾಟಿದ ಮೇಲೆ. ಅಲ್ಲಿ ಪೊಲೀಸರು ಗಾಡಿ ತಡೆದು ಕಾಗದ ನೋಡುತ್ತಿದ್ದರು. ಒಬ್ಬ ಪೇದೆ ಕೈ ಅಡ್ಡ ಹಿಡಿದ. ಭಾಸ್ಕರ ಬ್ರೇಕು ಒತ್ತಿದ. ಕಾರು ಆ ಮಾತನ್ನು ಕೇಳಿಸಿಕೊಂಡಿತು, ಒಪ್ಪಲಿಲ್ಲ. ಪೇದೆ ಬದಿಗೆ ಸರಿದ. ಏನು ಮಾಡುವುದೆಂದು ತೋಚದೆ ಭಾಸ್ಕರ ಒಂದು ಕೈಯನ್ನು ಹಣೆಗೆ ತಂದು ನಮಸ್ಕಾರ ಮಾಡಿ, ಹಲ್ಲು ಬಿಟ್ಟು, ಮೆಲ್ಲಗೆ ಮುಂದೆ ಸಾಗಿದ. ಇಷ್ಟು ಹಳೆಯ ಕಾರಿನಲ್ಲಿ ಇಷ್ಟು ನಿಧಾನವಾಗಿ, ಪೊಲೀಸರು ಕೈ ಅಡ್ಡ ಹಿಡಿದರೂ ನಿಲ್ಲಿಸದೆ ಹೋಗುವವನು ಸಾಮಾನ್ಯನಿರಲಿಕ್ಕಿಲ್ಲ ಎಂದು ಪೇದೆಗೆ ತೋರಿರಬೇಕು. ಅವನು ಎರಡು ಕಾಲು ಜೋಡಿಸಿ ಸೆಲ್ಯೂಟ್ ಹೊಡೆದ.

"ನಿಲ್ಸೂಕೆ ಆಗ್ಲಿಲ್ವಾ?" ಮಂಗಲಾ ಮಡಿಲಲ್ಲಿದ್ದ ಎಲೆ ಅಡಿಕೆ ತಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಹೊಸ ಡಿಸ್ಕು. ಪಳಗ್ಬೇಕು ಹೇಳಿ ಸಂತೋಷ ಹೇಳಿದ್ದಾನೆ" ಎಂದ ಭಾಸ್ಕರ, ಗೇರು ಇಳಿಸುತ್ತ. ಮನುಷ್ಯನಿಗೆ ಒಂದು ವಿವರಣೆ ಸಿಕ್ಕಿದರೆ ಅರ್ಧ ಹೆದರಿಕೆ ಹೋಗುತ್ತದೆ, ವಿವರಣೆ ತಪ್ಪಾದರೂ.

ಭಾನುವಾರವಾದ್ದರಿಂದ ಹೆದ್ದಾರಿ ಖಾಲಿ. ಎತ್ತಿನಗಾಡಿಗೆ ದಾರಿ ಬಿಡುವ ವೇಗದಲ್ಲಿ ಬಂದು ಕೇರಿಯ ತಿರುವು ಮುಟ್ಟಿದರು. ಅಲ್ಲಿಂದ ರಸ್ತೆ ಕಡಲಿನ ಕಡೆಗೆ ಇಳಿಯುತ್ತದೆ. ಇಳಿಜಾರು ಮುಗಿದಲ್ಲೇ ಎಡಕ್ಕೆ ಗಂಗೆಯ ಮನೆ, ಬಲಕ್ಕೆ ದೋಣಿ ಎಳೆದಿಡುವ, ಒಣಮೀನು ಹರಡುವ ಮರಳು. ಮುಂದೆ ರಸ್ತೆ ಏರು ಹತ್ತಿ ಪರಮೇಶ್ವರಿಯ ಮನೆ ಮುಟ್ಟಿ, ಬಳೆಯಂತೆ ಸುತ್ತಿ ಮತ್ತೆ ಇಳಿಜಾರಿನ ತಲೆಗೇ ಬಂದು ಸೇರುತ್ತದೆ. ಕಾರು ತಂಗಿಯ ಮನೆ ಮುಂದೆ ಅತ್ಯಂತ ಜೋರಾಗಿರಬೇಕು, ಪರಮೇಶ್ವರಿಯ ಮನೆ ಮುಂದೆ ತಾನಾಗಿ ನಿಲ್ಲಬೇಕು ಎಂದೇ ಆ ರಸ್ತೆಯನ್ನು ಮಾಡಿದಂತಿತ್ತು.

ಗಂಗೆ ರೇಷ್ಮೆ ಸೀರೆಯುಟ್ಟು, ಕಾಲಿಗೆ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಪಕ್ಕದಲ್ಲಿ ಅವಳ ಗಂಡ ವೆಂಕಟ, ಇಸ್ತ್ರಿ ಅಂಗಿಯಲ್ಲಿ. ಜಗಲಿಯ ತುಂಬ ಕೇರಿಯ ಹೆಂಗಸರು, ಸಾಕ್ಷಿಗೆ. ಕೆಂಪು ಕಾರು ಇಳಿಜಾರಿನಲ್ಲಿ ಕಂಡದ್ದೇ ಗಂಗೆಯ ಮುಖ ಅರಳಿತು.

"ಬಂತು! ನೋಡಿ, ನಮ್ಮಣ್ಣ!" ಎಂದಳು.

ಅಣ್ಣ ಬಂದ. ಬ್ರೇಕಿನ ಮೇಲೆ ಎರಡೂ ಕಾಲಿಟ್ಟು ಬಂದ. ಬಂದವನು ತಂಗಿಯ ಮುಖ ನೋಡಿದ, ನಕ್ಕ, ಕೈ ಬೀಸಿದ, ಹೋದ.

ತಂಬಿಗೆಯ ನೀರು ವೆಂಕಟನ ಕಾಲ ಮೇಲೆ ಸುರಿಯಿತು.

ಕಾರು ಏರು ಹತ್ತಿ, ಏದುಸಿರು ಬಿಟ್ಟು, ಪರಮೇಶ್ವರಿಯ ಅಂಗಳದ ಎದುರು ಗಕ್ಕನೆ ನಿಂತು ಆಫ್ ಆಯಿತು. ಗೇರಿನಲ್ಲಿದ್ದದ್ದರಿಂದ ಹಿಂದೆ ಜಾರಲಿಲ್ಲ.

"ಇಳ್ದು ನಡ್ಕಂಡು ಹೋಗ್ವಾ" ಎಂದಳು ಮಂಗಲಾ.

"ಇಲ್ಲಿ ಇಳ್ದ್ರೆ ಪರಮೇಶ್ವರಿ ಅಂಗಳಕ್ಕೇ ಮೊದ್ಲು ಕಾಲಿಟ್ಟ ಹಾಂಗಾಗ್ತದೆ! ಮತ್ತೆ ಗಂಗೆ ಹೇಳಿದ್ದು ಕಾರು ನಿಲ್ಬೇಕು ಹೇಳಿ. ನಾವು ನಿಲ್ಲೂದಲ್ಲ."

ಅಷ್ಟರಲ್ಲಿ ಪರಮೇಶ್ವರಿ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಓಡಿಬಂದಳು. ಗಂಗೆಯ ಮನೆ ದಾಟಿ ತನ್ನ ಬಾಗಿಲಿಗೆ ಬಂದು ನಿಂತ ಕಾರು ಕಂಡು ಅವಳಿಗೆ ಆನಂದದಲ್ಲಿ ಮಾತೇ ಹೊರಡದು. ಹಾಗೆಂದು ಮಾತು ನಿಂತಿತು ಎಂದಲ್ಲ.

"ಅಯ್ಯ ದೇವ್ರೇ! ತಂಗಿ ಮನೆ ಬಿಟ್ಟು ನಮ್ಮನೆಗೇ ಮೊದ್ಲು ಬಂದ್ರಲ! ದೊಡ್ಡವ್ರು ದೊಡ್ಡವ್ರೇ. ಕೊಡಿ, ಕೊಡಿ!" ಎಂದವಳೇ ಕಿಟಕಿಯಲ್ಲಿ ಕೈ ಹಾಕಿ, ತಟ್ಟೆಯ ಮೇಲಿದ್ದ ಅರಿಸಿನ ಹಚ್ಚಿದ ಮೊದಲ ಮದುವೆ ಕಾಗದವನ್ನು ಎತ್ತಿಕೊಂಡು ಕಣ್ಣಿಗೊತ್ತಿಕೊಂಡಳು.

"ಅದು... ಅದು..." ಎನ್ನುತ್ತ ಮಂಗಲಾ ಕಾಗದದ ಹಿಂದೆ ಕೈ ಚಾಚಿದಳು. ಭಾಸ್ಕರ ಗಾಬರಿಯಲ್ಲಿ ಕಾರು ಶುರು ಮಾಡಿ ಮುಂದೆ ಬಿಟ್ಟ. ಇನ್ನೊಂದು ಸುತ್ತು ಹಾಕಿದರೆ ಬ್ರೇಕು ಪಳಗೀತು ಎಂಬ ಆಸೆ ಅವನಿಗೆ.

ಎರಡನೆಯ ಸಲ ಇಳಿಜಾರಿಗೆ ಬರುವಾಗ ಒಂದನೇ ಗೇರು, ಬ್ರೇಕು, ಕುಲದೇವರು ಮೂವರನ್ನೂ ಒಟ್ಟಿಗೆ ನೆನೆದ. ಕಾರು ಜನ ನಡೆಯುವ ವೇಗಕ್ಕೆ ಇಳಿಯಿತು. ಗಂಗೆ ರಸ್ತೆಗೇ ಬಂದು ಕಿಟಕಿಯ ಜೊತೆಜೊತೆಗೆ ನಡೆಯತೊಡಗಿದಳು.

"ಅಣ್ಣಾ, ನಿಲ್ಸು!"

"ನಿಲ್ಸ್ತಾನೇ ಇದ್ದೆ ತಂಗಿ!"

"ಎಲ್ಲಿ ನಿಲ್ಸ್ತಾ ಇದ್ದೆ? ಹೋಗ್ತಾ ಇದ್ದೆ ನೀನು!"

"ಹೋಗ್ತಾ ಇದ್ದದ್ದು ಕಾರು! ನಾ ಇಲ್ಲೇ ಇದ್ದೆ!"

"ಅತ್ತಿಗೇ, ನೀವಾದ್ರೂ ಹೇಳಿ ಇವ್ಗೆ!"

"ಪಳಗ್ತಾ ಅದೆ ಗಂಗೆ, ಪಳಗ್ತಾ ಅದೆ!" ಎಂದಳು ಮಂಗಲಾ, ಅಳುವ ದನಿಯಲ್ಲಿ.

ಯಾರು ಪಳಗುತ್ತಿದ್ದಾರೆ ಎಂದು ಗಂಗೆ ಕೇಳುವುದರೊಳಗೆ ಮೇಲಿನಿಂದ ಪರಮೇಶ್ವರಿ ಅರಿಸಿನದ ಕಾಗದವನ್ನು ಬಾವುಟದಂತೆ ಎತ್ತಿ ಹಿಡಿದು ಇಳಿದುಬಂದಳು. "ಮೊದಲ ಹೇಳಿಕೆ ನಂಗೇ ಆತು ಗಂಗೆ! ನಿಂಗೂ ಕೊಡ್ತ್ರು, ಬೇಜಾರ ಮಾಡ್ಕಬೇಡ!"

ಗಂಗೆ ನಡೆಯುವುದನ್ನು ನಿಲ್ಲಿಸಿದಳು. ಕಾರು ಮಾತ್ರ ಹೋಯಿತು. ಹಿಂದೆ ನೋಡುವ ಕನ್ನಡಿಯಲ್ಲಿ ಭಾಸ್ಕರನಿಗೆ ಅವಳು ಸಣ್ಣವಳಾಗುತ್ತ ಹೋಗುವುದು ಕಂಡಿತು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಕೂಗಿ ಹೇಳಿದಳು: "ಹೋಗು! ಆರತಿನೂ ಅವಳ ಹತ್ರಾನೇ ಮಾಡಿಸ್ಕ!"

ಅವ್ವ ಸತ್ತಾಗ ಗಂಗೆ ಒಂದನೇ ಕ್ಲಾಸು. ಅಪ್ಪ ಕಡಲಿಗೆ ಹೋದಮೇಲೆ ದಿನಾ ಬೆಳಿಗ್ಗೆ ಅವಳ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದವನು ಭಾಸ್ಕರನೇ. ಕೈಯಳತೆ ಗೊತ್ತಿಲ್ಲದೆ ಎಷ್ಟು ಎಣ್ಣೆ ಸುರಿಯುತ್ತಿದ್ದನೆಂದರೆ, ಅದು ಪಾಟಿಯ ಮೇಲೆ ತೊಟ್ಟಿಕ್ಕಿ ಅಕ್ಷರವೇ ಮೂಡುತ್ತಿರಲಿಲ್ಲ, "ನಿಮ್ಮನೇಲಿ ಗಾಣ ಅದೆಯಾ?" ಎಂದು ಮಾಸ್ತರರು ಕೇಳುತ್ತಿದ್ದರು. ಆ ತಂಗಿ ಈಗ ಅಳುತ್ತಿದ್ದಾಳೆ, ತಾನು ನಿಲ್ಲದೆ ಹೋಗುತ್ತಿದ್ದೇನೆ. ಡಿಸ್ಕು ಪಳಗಲಿ ಬಿಡಲಿ, ಈ ಸಲ ನಿಲ್ಲಲೇಬೇಕು ಎಂದು ಅವನು ಹಲ್ಲು ಕಚ್ಚಿದ.

"ಮಂಗಲಾ, ತಟ್ಟೆ ಗಟ್ಟಿ ಹಿಡ್ಕ. ದೋಣಿ ದಡಕ್ಕೆ ಹಾಕ್ತೆ."

"ಎಂತ ಹಾಕ್ತ್ರಿ?"

ಉತ್ತರ ಹೇಳುವಷ್ಟು ಪುರುಸೊತ್ತಿರಲಿಲ್ಲ. ಮೂರನೆಯ ಸಲ ಇಳಿಜಾರು ಇಳಿದು, ಗಂಗೆಯ ಮನೆ ಎದುರಿಗೆ ಬಂದದ್ದೇ ಭಾಸ್ಕರ ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿ ಕಾರನ್ನು ಮರಳಿಗೆ ನುಗ್ಗಿಸಿದ. ಅಪ್ಪ ತೆರೆಯ ಮೇಲೆ ದೋಣಿಯನ್ನು ದಡಕ್ಕೆ ಹೊಡೆಯುತ್ತಿದ್ದದ್ದು ಹಾಗೇ. ಮುಂದಿನ ಚಕ್ರಗಳು ಮರಳು ಉಗುಳುತ್ತ ಹೂತವು. ಹರಡಿದ ಒಣಮೀನು ನಾಲ್ಕೂ ದಿಕ್ಕಿಗೆ ಹಾರಿತು. ಕಾರು ಮೂಗು ತಗ್ಗಿಸಿ, ವ್ಯಾಜ್ಯದ ಗಡಿಯ ನಟ್ಟನಡುವೆ, ಗಂಗೆಯ ಬಾಗಿಲಿಗೆ ನೇರ ಎದುರಾಗಿ, ನಿಂತಿತು.

ಆಮೇಲೆ ಅಭ್ಯಾಸಬಲ. ದಡಕ್ಕೆ ಏನಾದರೂ ಬಂದು ಹತ್ತಿದರೆ ಆ ಕೇರಿಯ ಗಂಡಸರು ಯಾರದು ಎಂದು ಕೇಳುವುದಿಲ್ಲ, ಹಗ್ಗ ತರುತ್ತಾರೆ. ವೆಂಕಟನೂ ಇಸ್ತ್ರಿ ಅಂಗಿಯಲ್ಲೇ ಓಡಿಬಂದ.

ಪರಮೇಶ್ವರಿ ಎರಡು ಕೈಯಲ್ಲೂ ತಲೆ ಹಿಡಿದುಕೊಂಡಳು. "ನನ್ನ ಮೀನು! ಮೊದಲ ಹೇಳಿಕೆ ಕೊಟ್ಟವರು ಮೀನಿನ ಮೇಲೆ ಕಾರು ಹತ್ತಿಸ್ತ್ರಾ?"

"ಮೊದಲ ಹೇಳಿಕೆ ಅಲ್ಲ ಅದು!" ಎಂದು ಭಾಸ್ಕರ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ. "ನಾ ಕಾಲಿಟ್ಟಿದ್ದಿಲ್ಲ! ಈ ಕೇರಿ ಮಣ್ಣಿಗೆ ಇನ್ನೂ ಕಾಲೇ ಇಟ್ಟಿದ್ದಿಲ್ಲ!"

ವಿಷಯ ನ್ಯಾಯಕ್ಕೆ ಬಂತು. ಕೇರಿಯಲ್ಲಿ ಇಂಥದ್ದಕ್ಕೆಲ್ಲ ತೀರ್ಪು ಹೇಳುವವನು ದಾಸಜ್ಜ. ಅವನು ಬಲೆ ಹೆಣೆಯುವುದನ್ನು ಬಿಟ್ಟು ಎದ್ದು ಬಂದು, ಕಾರಿಗೆ ಒಂದು ಸುತ್ತು ಹಾಕಿ, ಕಿಟಕಿಯಲ್ಲಿ ಬಗ್ಗಿ ಭಾಸ್ಕರನ ಕಾಲು ನೋಡಿದ.

"ಚಪ್ಪಲಿಗೆ ಮಣ್ಣು ಹತ್ತಿದ್ದಿಲ್ಲ. ಮೇಲಿನ ಮನೆಲಿ ಇಳ್ದಿದ್ದ್ಯಾ?"

"ಇಲ್ಲ ಅಜ್ಜ."

"ಕಾಲಿಗೆ ನೀರು ಕೊಟ್ಟಿದ್ರಾ?"

"ಇಲ್ಲ. ಕಿಟಕಿಲಿ ಕೈ ಹಾಕಿ ತಕಂಡ್ರು."

ದಾಸಜ್ಜ ಸೊಂಟಕ್ಕೆ ಕೈಕೊಟ್ಟು ನೆಟ್ಟಗಾದ. "ಗಾಡಿಲಿ ಕೂತು ಕೊಟ್ಟದ್ದು ಹೇಳಿಕೆ ಅಲ್ಲ, ಟಪಾಲು. ಮೊದಲ ಹೇಳಿಕೆ ಇನ್ನೂ ಆಗಿದ್ದಿಲ್ಲ. ಇಳಿ."

ಬಾಗಿಲು ಮರಳಿಗೆ ಸಿಕ್ಕಿಕೊಂಡದ್ದರಿಂದ ಭಾಸ್ಕರನನ್ನು ಕಿಟಕಿಯಿಂದ ಎಳೆದು ಇಳಿಸಿದರು. ಆದರೆ ಗಂಗೆ ಬಾಗಿಲಿನಿಂದ ಅಲ್ಲಾಡಲಿಲ್ಲ.

"ಎರಡು ಸಲ ನಿಲ್ಲದೆ ಹೋದ್ಯಲ್ಲ, ಅದೆಂತಕೆ?"

ಭಾಸ್ಕರ ಬಾಯಿ ತೆರೆದ. ಅವನು ಹೇಳುವುದಕ್ಕೆ ಮುಂಚೆ ವೆಂಕಟ ಮೂಗು ಎತ್ತಿ ಗಾಳಿ ಎಳೆದ. ದಾಸಜ್ಜನೂ ಎಳೆದ. ಜಗಲಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಮೂಗು ಎತ್ತಿದರು. ಸಂಶಯವೇ ಇಲ್ಲ, ಎಲ್ಲೋ ಕೊಬ್ಬರಿ ಎಣ್ಣೆಯಲ್ಲಿ ಮೀನು ಹುರಿಯುತ್ತಿದ್ದಾರೆ.

"ಭಾವ, ನಿಮ್ಮ ಕಾರಿನಿಂದ ಬತ್ತಾ ಅದೆ ಈ ವಾಸ್ನೆ" ಎಂದ ವೆಂಕಟ. ಬಗ್ಗಿ ನೋಡಿದರೆ ಮುಂದಿನ ಚಕ್ರದ ಕಿಂಡಿಯಿಂದ ತೆಳ್ಳಗೆ ಹೊಗೆ. ಕಾದ ಡಿಸ್ಕಿಗೆ ಪರಮೇಶ್ವರಿಯ ನಾಲ್ಕು ಒಣಮೀನು ಅಂಟಿಕೊಂಡು ಹದವಾಗಿ ಕೆಂಪಾಗುತ್ತಿದ್ದವು.

"ಡಿಸ್ಕಿಗೆ ಎಣ್ಣೆ ಯಾರು ಹಾಕ್ದ್ರು?" ಎಂದು ವೆಂಕಟನೇ ಕೇಳಿದ.

ಭಾಸ್ಕರ ತಲೆ ತಗ್ಗಿಸಿದ. "ತುಕ್ಕು ಹತ್ತಿತ್ತು ಭಾವ. ಪುಕ್ಕದಲ್ಲಿ ಸ್ವಲ್ಪ..."

"ಒಳಗೆ ಹೊರಗೆ ಎರಡೂ ಬದಿಗೆ" ಎಂದು ಮಂಗಲಾ ಸೇರಿಸಿದಳು, ಕಿಟಕಿಯೊಳಗಿನಿಂದ.

ಗಂಗೆ ಅಣ್ಣನನ್ನು ನೋಡಿದಳು. ಅವನ ಬೆರಳುಗಳು ಇನ್ನೂ ಎಣ್ಣೆಯಲ್ಲಿ ಹೊಳೆಯುತ್ತಿದ್ದವು. ಮೊದಲು ಅವಳ ಮೂಗಿನ ತುದಿ ಅದುರಿತು, ಆಮೇಲೆ ಗಲ್ಲ, ಆಮೇಲೆ ರೇಷ್ಮೆ ಸೀರೆಯ ಸಮೇತ ಅವಳು ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕಳು. "ಗಾಣ... ಗಾಣ..." ಎನ್ನುತ್ತಿದ್ದಳು, ಮುಂದೆ ಹೇಳಲಾಗದೆ. ಕೇರಿಗೆ ಅರ್ಥವಾಗಲಿಲ್ಲ. ಭಾಸ್ಕರನಿಗೆ ಆಯಿತು. ಅವನೂ ನಕ್ಕ, ಕಣ್ಣು ಒರೆಸಿಕೊಂಡ.

ಆಮೇಲೆ ಎಲ್ಲ ಕ್ರಮಪ್ರಕಾರ ನಡೆಯಿತು. ಮಂಗಲಾಳನ್ನೂ ಕಿಟಕಿಯಿಂದಲೇ ಇಳಿಸಿಕೊಂಡರು. ಗಂಗೆ ಕಾಲಿಗೆ ನೀರು ಕೊಟ್ಟಳು, ಮೊದಲ ಹೇಳಿಕೆ ಆಯಿತು. ಎರಡನೆಯ ಹೇಳಿಕೆಗೆ ಗಂಡ ಹೆಂಡತಿ ನಡೆದುಕೊಂಡೇ ಏರು ಹತ್ತಿ ಪರಮೇಶ್ವರಿಯ ಮನೆಗೆ ಹೋದರು, ಹಿಂದಿನಿಂದ ಗಂಗೆ ತನ್ನ ಪಾಲಿನ ಒಣಮೀನಿನ ಬುಟ್ಟಿ ಹೊತ್ತು ಹೋದಳು. ಪರಮೇಶ್ವರಿ ಬುಟ್ಟಿಯನ್ನು ಎರಡು ಸಲ ಬೇಡವೆಂದಳು, ಮೂರನೆಯ ಸಲ ತೆಗೆದುಕೊಂಡಳು. ಡಿಸ್ಕಿನ ಮೇಲಿನ ನಾಲ್ಕು ಮೀನನ್ನು ಯಾರು ತಿಂದರೆಂದು ಗೊತ್ತಿಲ್ಲ. ದಾಸಜ್ಜನ ಮೇಲೆ ಸಂಶಯವಿದೆ.

ಮಧ್ಯಾಹ್ನ ಬಂದ ಸಂತೋಷ ಡಿಸ್ಕನ್ನು ತೊಳೆದು, ಎಣ್ಣೆ ಕುಡಿದ ಪ್ಯಾಡುಗಳನ್ನು ಕಿತ್ತು ಹೊಸತು ಹಾಕಿದ. ಕೇಳದೆಯೇ ಹ್ಯಾಂಡ್ ಬ್ರೇಕಿನ ವಾಯರನ್ನೂ ಹಾಕಿದ. "ಅದು ತುಕ್ಕಾ ಭಾಸ್ಕರಣ್ಣ? ನಾಲ್ಕು ಸಲ ಬ್ರೇಕು ಒತ್ತಿದ್ರೆ ಪ್ಯಾಡೇ ಉಜ್ಜಿ ತೆಗೀತಿತ್ತು" ಎಂದ. ಎಣ್ಣೆಯಿಲ್ಲದೆ ಬಿಟ್ಟರೇ ಚೆನ್ನಾಗಿರುವ ಕಬ್ಬಿಣವೂ ಒಂದಿದೆ ಎಂಬುದನ್ನು ನಂಬುವುದಕ್ಕೆ ಭಾಸ್ಕರನಿಗೆ ಊಟ ಮುಗಿಯುವ ತನಕ ಬೇಕಾಯಿತು.

ಮದುವೆ ಚೆನ್ನಾಗಿ ಆಯಿತು. ಚಪ್ಪರದಲ್ಲಿ ಮೊದಲ ಆರತಿಯನ್ನು ಗಂಗೆಯೇ ಎತ್ತಿದಳು, ಎರಡನೆಯದಕ್ಕೆ ಪರಮೇಶ್ವರಿಯನ್ನು ಕರೆದಳು. ಮುಗಿಸಿ ಅವರನ್ನೆಲ್ಲ ಮನೆಗೆ ಬಿಡಲು ಭಾಸ್ಕರ ಅದೇ ಕೆಂಪು ಕಾರಿನಲ್ಲಿ ಅದೇ ಇಳಿಜಾರು ಇಳಿದ. ಕೇರಿಯವರೆಲ್ಲ ಹೊರಗೆ ಬಂದು ನಿಂತಿದ್ದರು. ಕಾರು ಗಂಗೆಯ ಬಾಗಿಲಿಗೆ ಬಂದು, ಒಂದಿಷ್ಟೂ ಸದ್ದಿಲ್ಲದೆ, ಹೊಸ್ತಿಲಿಗೆ ಸರಿಯಾಗಿ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಭಾಸ್ಕರ ಇಳಿದು ಚಕ್ರದ ಕಿಂಡಿಯಲ್ಲಿ ಇಣುಕಿದ. ಡಿಸ್ಕಿನ ಅಂಚಿನಲ್ಲಿ ಒಂದು ಚೂರು ಕೆಂಪು ಕಂಡಿತು. ಅವನ ಕೈ ತಾನಾಗಿಯೇ ಜೇಬಿಗೆ ಹೋಯಿತು.

"ಜೇಬಲ್ಲಿ ಎಂತ ಅದೆ?" ಎಂದಳು ಗಂಗೆ.

ಭಾಸ್ಕರ ಕೋಳಿಪುಕ್ಕ ತೆಗೆದು ಕೊಟ್ಟ.

ಗಂಗೆ ಒಳಗೆ ಹೋಗಿ ಎಣ್ಣೆಯ ಬಟ್ಟಲು ತಂದಳು. ಅಣ್ಣನ ತೋಳು ಹಿಡಿದು ಜಗಲಿಯ ಮೇಲೆ ಕೂರಿಸಿ, ಅವನ ನೆತ್ತಿಗೆ ಅಂಗೈ ತುಂಬ ಎಣ್ಣೆ ಸುರಿದು, ತಪತಪನೆ ಬಡಿದಳು.

"ಎಣ್ಣೆ ಹಚ್ಚೂದಾದ್ರೆ ಇಲ್ಲಿ ಹಚ್ಚು. ತುಕ್ಕು ಹಿಡ್ದದ್ದು ಇಲ್ಲೇ."

ಎಣ್ಣೆ ಕಿವಿಯ ಹಿಂದಿನಿಂದ ಇಳಿದು ಮದುವೆಗೆ ಹೊಲಿಸಿದ ಹೊಸ ಅಂಗಿಯ ಕಾಲರಿಗೆ ಹತ್ತಿತು. ಭಾಸ್ಕರ ಸಾಕು ಅನ್ನಲಿಲ್ಲ.